ಬುತ್ತಿ ನಿಂತ ಊರು

"ಈ ಮೀನು ನಿನ್ನ ಬಲೆಗೆ ಬಿದ್ದಿದ್ದಾ, ಇಲ್ಲಾ ಸಿಡಿಮದ್ದಿಗೆ ಸತ್ತಿದ್ದಾ?"

ಅಷ್ಟು ಜೋರಾಗಿ ಕೇಳಬೇಕೆಂದು ಅರಾಬಾ ಅಂದುಕೊಂಡಿರಲಿಲ್ಲ. ಆದರೆ ಮೆಲ್ಲಗೆ ಮಾತಾಡುವುದು ಅವಳ ಜಾಯಮಾನದಲ್ಲೇ ಇಲ್ಲ. ದಡದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ದೋಣಿಯಿಂದ ಇಳಿದವನು ಹೊಸಬ. ಹೆಸರು ಕ್ವಾಮೆನಾ. ವರ್ಷಗಟ್ಟಲೆ ದೂರದ ಅಬಿಜಾನ್ ಬಂದರಿನ ದೋಣಿಗಳಲ್ಲಿ ದುಡಿದು, ಈಗ ಸೋದರಮಾವನ ದೋಣಿ ನಡೆಸಲು ಈ ಕಡಲತಡಿಯ ಊರು ಎಸುವಾನೊಗೆ ಬಂದಿದ್ದ. ಎತ್ತರದ ಆಳು, ಮೈಯೆಲ್ಲ ಉಪ್ಪು, ಕಣ್ಣಲ್ಲಿ ಮಾತ್ರ ಒಂದು ನಗು.

"ಒತ್ತಿ ನೋಡಿದ್ಯಾ?" ಎಂದು ಕೇಳಿದ.

ಇಲ್ಲ... ಅವಳು ಒತ್ತಿ ನೋಡಿರಲಿಲ್ಲ. ಅವನ ಮಾವನ ದೋಣಿಯ ಹೆಸರು ಕೆಟ್ಟಿತ್ತು, ಅಷ್ಟಕ್ಕೇ ಬಾಯಿ ಬಿಟ್ಟಿದ್ದಳು. ಈಗ ಎಲ್ಲರೆದುರು ಒಂದು ಬೂತಾಯಿ ಮೀನು ಎತ್ತಿ ಬೆನ್ನು ಒತ್ತಿದಳು. ಗಟ್ಟಿಯಾಗಿತ್ತು. ಇನ್ನೊಂದು ಎತ್ತಿದಳು. ಅದೂ ಗಟ್ಟಿ. ಸಿಡಿಮದ್ದಿನ ಮೀನಾದರೆ ಒಳಗೆ ಮುಳ್ಳೆಲ್ಲ ಪುಡಿಯಾಗಿ, ಬೆರಳಿಟ್ಟಲ್ಲಿ ಕುಸಿಯುತ್ತದೆ.

"ಮುಂದಿನ ಸಲ ಮೊದಲು ಒತ್ತು, ಆಮೇಲೆ ಕೂಗು," ಎಂದ ಅವನು.

ಹೆಂಗಸರು ಗೊಳ್ಳೆಂದು ನಕ್ಕರು. ಅರಾಬಾಳ ಕಿವಿ ಬಿಸಿಯಾಯಿತು. ಅವತ್ತೆಲ್ಲ ಮೀನು ಹೊಗೆಗೆ ಹಾಕುವಾಗಲೂ ಆ ಮಾತೇ ತಲೆಯಲ್ಲಿ. ಎಂಥಾ ಸೊಕ್ಕು ಅವನಿಗೆ! ಹಾಗೆಂದು ಬೈದುಕೊಂಡೇ, ಮಾರನೇ ದಿನ ಅವನ ದೋಣಿ ಬರುವ ಹೊತ್ತಿಗೆ ಸರಿಯಾಗಿ ದಡದಲ್ಲಿದ್ದಳು.

ಪ್ರೀತಿ ಹುಟ್ಟುವುದಕ್ಕೆ ಇಷ್ಟು ಸಾಕು ನೋಡಿ. ಅವನು ಬುಟ್ಟಿ ಎತ್ತಿ ಕೊಡುವ ನೆಪದಲ್ಲಿ ಅವಳ ಜೊತೆ ನಡೆಯತೊಡಗಿದ. ಅವಳು ಅವನಿಗೆ ತನ್ನ ಒಡಲುರಿ ಹೇಳಿಕೊಳ್ಳತೊಡಗಿದಳು.

ಉರಿ ಅಂದರೆ ಅದೇ ಸಿಡಿಮದ್ದು. ಊರಿನ ಅರ್ಧ ದೋಣಿಗಳು ಅದನ್ನು ಎಸೆಯುತ್ತಿದ್ದವು. ದೊಡ್ಡ ಮೀನಿನ ಜೊತೆ ಮರಿಗಳೂ ಸತ್ತು ತೇಲುತ್ತಿದ್ದವು. ಆ ಮೀನು ಒಲೆಯ ಮೇಲೆ ಪುಡಿಪುಡಿ, ಸಂತೆಯಲ್ಲಿ ಕೇಳುವವರಿಲ್ಲ. ಅರಾಬಾಳ ಅಣ್ಣನೇ ಮದ್ದು ಸಿಡಿದು ಒಂದು ಕೈ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಎಲ್ಲರಿಗೂ ಗೊತ್ತು, ಯಾರಿಗೂ ಬಾಯಿಲ್ಲ. ಎಸೆಯುವವರು ಹೊರಗಿನವರಲ್ಲವಲ್ಲ, ಅವರವರ ಗಂಡಂದಿರೇ.

ಒಂದು ಮಂಗಳವಾರ, ಕಡಲಿಗೆ ಬಿಡುವು ಕೊಡುವ ದಿನ, ಹೆಂಗಸರೆಲ್ಲ ಮೀನುಮಾರುವವರ ಹಿರಿಯಳಾದ ನಾನಾ ಬಾದುವಾಳ ಅಂಗಳದಲ್ಲಿ ಸೇರಿದ್ದಾಗ ಅರಾಬಾ ಎದ್ದು ನಿಂತಳು.

"ದೋಣಿ ಹೊರಡೋಕೆ ದುಡ್ಡು ಕೊಡೋರು ನಾವು. ಸಂಜೆ ಬುತ್ತಿ ಕಳಿಸೋರೂ ನಾವು. ನಮ್ಮ ದುಡ್ಡಲ್ಲಿ ಮದ್ದು ತಗೊಂಡು, ನಮ್ಮ ಕೈಯಡುಗೆ ಉಂಡು, ನಮ್ಮ ಮಕ್ಕಳ ಕಡಲನ್ನೇ ಕೊಲ್ತಿದ್ದಾರೆ. ಇದರಲ್ಲಿ ನಮ್ಮ ಕೈ ಇಲ್ಲ ಅಂತ ಯಾರಾದ್ರೂ ಹೇಳಿ ನೋಡೋಣ."

ಎಸುವಾನೊದಲ್ಲಿ ಮದುವೆಯಾದರೂ ಹೆಣ್ಣು ತಾಯಿಮನೆಯಲ್ಲೇ ಇರುತ್ತಾಳೆ, ಗಂಡ ಅವನ ಮನೆಯಲ್ಲಿ. ಸಂಜೆಯಾದರೆ ಹೆಂಡತಿಯ ಮನೆಯಿಂದ ಗಂಡನ ಮನೆಗೆ ಮುಚ್ಚಿದ ಬಟ್ಟಲಿನಲ್ಲಿ ಊಟ ಹೋಗುತ್ತದೆ. ಯಾರ ಬುತ್ತಿ ಹೋಯಿತು, ಯಾರದು ಹೋಗಲಿಲ್ಲ ಎಂದು ಬೀದಿಗೆ ಬೀದಿಯೇ ಕಣ್ಣಿಟ್ಟಿರುತ್ತದೆ. ನಾನಾ ಬಾದುವಾ ಬಹಳ ಹೊತ್ತು ಎಲೆ ಅಡಿಕೆ ಇಲ್ಲದ ಬಾಯನ್ನೇ ಜಗಿದು, ಕೊನೆಗೆ ತೀರ್ಪು ಕೊಟ್ಟಳು. ಯಾವ ದೋಣಿಯಿಂದ ಮೆತ್ತನೆ ಮೀನು ಬರುತ್ತದೋ ಆ ದೋಣಿಯವರಿಗೆ ಬುತ್ತಿ ಇಲ್ಲ, ಒಲೆ ಇಲ್ಲ, ಮಾತೂ ಇಲ್ಲ.

ಅಬ್ಬಾ, ಆ ಮೊದಲ ದಿನಗಳು! ಹುಲಿಯಂತಿದ್ದ ಗಂಡಸರು ರಸ್ತೆಬದಿಯಲ್ಲಿ ಮೆಕ್ಕೆಜೋಳದ ಒಣ ಕೆಂಕಿ ಮುದ್ದೆ ಕೊಂಡು, ಯಾರೂ ನೋಡದ ಹಾಗೆ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಕ್ವಾಮೆನಾ ಅದನ್ನು ಹೇಳಿ ಹೇಳಿ ನಗುತ್ತಿದ್ದ. ತನ್ನ ದೋಣಿಗೆ ಮದ್ದು ಹತ್ತಿಸುವುದಿಲ್ಲ ಎಂದು ಮಾವನ ಜೊತೆ ಜಗಳವಾಡಿ ಗೆದ್ದಿದ್ದ. ಒಂದು ಸಂಜೆ ನಗು ನಿಲ್ಲಿಸಿ ಹೇಳಿದ, ಬರುವ ಭಾನುವಾರ ಮಾವಂದಿರು ಮದ್ಯದ ಬಾಟಲಿ ಹಿಡಿದು ನಿಮ್ಮ ಬಾಗಿಲು ತಟ್ಟುತ್ತಾರೆ ಎಂದು. ಹೆಣ್ಣು ಕೇಳುವ ಕ್ರಮ ಅದು, ಬಾಟಲಿ ತೆಗೆದುಕೊಂಡರೆ ಒಪ್ಪಿದ ಹಾಗೆ.

ಊರಿಗೆಲ್ಲ ಭಾಷಣ ಮಾಡುವ ಅರಾಬಾ ಅವತ್ತು ಬರೀ ತಲೆಯಾಡಿಸಿದಳು.

ಆದರೆ ಸುಖ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬುತ್ತಿ ನಿಲ್ಲಿಸಿದ ಕಟ್ಟು ಸಡಿಲವಾಗುತ್ತಿತ್ತು. ಪಕ್ಕದ ಮನೆಯ ಎಕುವಾ, ಮದ್ದು ಎಸೆಯುವ ಗಂಡನಿಗೆಂದು, ಸೆರಗಿನ ಕೆಳಗೆ ಬಟ್ಟಲು ಮುಚ್ಚಿಕೊಂಡು ಹೋಗುವುದು ಕಂಡು ಅರಾಬಾ ಅಡ್ಡ ನಿಂತಳು. ಎಕುವಾ ತಪ್ಪಿಸಿಕೊಳ್ಳಲಿಲ್ಲ, ನೆಟ್ಟಗೆ ಮುಖ ನೋಡಿಯೇ ಅಂದಳು.

"ನಿನಗೇನು ಕಣೇ? ಬುತ್ತಿ ಕಳಿಸೋಕೆ ನಿನಗೆ ಗಂಡ ಇದಾನಾ? ಕಳಕೊಳ್ಳೋರು ನಾವು, ಹೆಸರು ನಿನಗೆ."

ಆ ಮಾತು ಚುಚ್ಚಿತು. ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ನಿಜವೇ ಅಲ್ಲವೇ? ಬೇರೆಯವರ ಸಂಸಾರ ಪಣಕ್ಕಿಟ್ಟು ತಾನು ಮುಂದಾಳಾಗಿದ್ದೇನೆ... ಅರಾಬಾ ದಾರಿ ಬಿಟ್ಟಳು. ಮನೆಗೆ ಬಂದು ಒಳಗೂ ಹೊರಗೂ ತಿರುಗಿದಳು.

ಶನಿವಾರ ಬೆಳಗ್ಗೆ ಕ್ವಾಮೆನಾನ ದೋಣಿ ತುಂಬಿ ಬಂತು. ಹೆಂಗಸರು ಮದುಮಗಳೇ ಮೊದಲು ಎಂದು ಅವಳನ್ನು ಮುಂದೆ ತಳ್ಳಿದರು. ಅವಳು ನಗುತ್ತಲೇ ಒಂದು ಮೀನು ಎತ್ತಿದಳು.

ಬೆರಳು ಒಳಗೆ ಇಳಿಯಿತು.

ಇನ್ನೊಂದು ಎತ್ತಿದಳು. ಮತ್ತೊಂದು. ಎಲ್ಲವೂ ಹಣ್ಣಾದ ಬಾಳೆಯ ಹಾಗೆ ಮೆತ್ತಗೆ.

"ಕ್ವಾಮೆನಾ... ಇದೇನು?"

ಅವನು ಅವಳ ಕೈಯಲ್ಲಿದ್ದ ಮೀನು ನೋಡಿದ. ಏನೋ ಹೇಳಹೊರಟು ಸುತ್ತ ನಿಂತ ಗಂಡಸರನ್ನು ನೋಡಿ ಬಾಯಿ ಮುಚ್ಚಿದ.

"ನಾನು ಮದ್ದು ಎಸೆದಿಲ್ಲ."

"ಹಾಗಾದ್ರೆ ಇದು ಎಲ್ಲಿಂದ ಬಂತು?"

ಅವನು ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದ. ಬೇರೆ ಯಾರಾದರೂ ಆಗಿದ್ದರೆ ಅರಾಬಾ ಕೂಗಾಡುತ್ತಿದ್ದಳು. ಇವನೆದುರು ಕೂಗಲೂ ಆಗಲಿಲ್ಲ. ಸುಳ್ಳಾ? ಇಷ್ಟು ದಿನ ನಕ್ಕಿದ್ದು, ಜೊತೆಗೆ ನಡೆದಿದ್ದು, ಎಲ್ಲ ಸುಳ್ಳಾ? ಹಿಂದಿನಿಂದ ಎಕುವಾ ತನ್ನನ್ನೇ ನೋಡುತ್ತಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಕ್ವಾಮೆನಾನ ಮಾವಂದಿರು ಬಂದರು. ಹೊರಗೆ ಬಾಗಿಲು ತಟ್ಟಿದ ಸದ್ದು. ಅಮ್ಮ ಮಗಳ ಕೈ ಹಿಡಿದುಕೊಂಡಳು.

"ಯೋಚನೆ ಮಾಡೇ. ಒಂದು ಸಲ ತಿರುಗಿಸಿ ಕಳಿಸಿದ್ರೆ ಆ ಮನೆಯೋರು ಮತ್ತೆ ಈ ಕಡೆ ಕಾಲಿಡಲ್ಲ. ನಿನ್ನ ಜೀವ ಅವನ ಮೇಲೇ ಇದೆ ಅಂತ ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಕೇಳಬೇಡಮ್ಮ. ಎಕುವಾ ಗಂಡನಿಗೆ ಒಂದು ನ್ಯಾಯ, ನನ್ನವನಿಗೆ ಒಂದು ನ್ಯಾಯ ಅಂದ್ರೆ ನಾಳೆ ನಾನು ದಡಕ್ಕೆ ಹೇಗೆ ಹೋಗ್ಲಿ?"

ಬಾಗಿಲು ತೆರೆಯಲಿಲ್ಲ. ಮತ್ತೆ ತಟ್ಟಿದರು. ಆಮೇಲೆ ಹೆಜ್ಜೆ ಸದ್ದು ದೂರವಾಯಿತು. ಅರಾಬಾ ಒಲೆಮನೆಗೆ ಹೋಗಿ ಹೊಗೆಯ ನೆಪದಲ್ಲಿ ಮನಸಾರೆ ಅತ್ತಳು.

ಅರಾಬಾ ಬಾಗಿಲು ತೆರೆಯದ ಸುದ್ದಿ ಹಬ್ಬಿ, ಅವತ್ತು ಸಂಜೆ ಎಸುವಾನೊದ ಬೀದಿಯಲ್ಲಿ ಒಂದು ಬಟ್ಟಲೂ ಓಡಾಡಲಿಲ್ಲ. ಎಕುವಾ ತನ್ನ ಬಟ್ಟಲಿನ ಊಟವನ್ನು ತಂದು ಅರಾಬಾಳ ಮುಂದಿಟ್ಟಳು. ಇಬ್ಬರೂ ಒಂದೇ ಬಟ್ಟಲಿನಲ್ಲಿ ಉಂಡರು.

ಮಂಗಳವಾರ, ದೋಣಿಯವರ ಹಿರಿಯನಾದ ಕಡಲ ಯಜಮಾನ ಗಂಡಸರ ಸಭೆ ಕರೆದ. ಹೆಂಗಸರಿಗೆ ಒಳಗೆ ಜಾಗವಿಲ್ಲ, ಒಣಹಾಕಿದ ಬಲೆಗಳ ಹಿಂದೆ ಜಾಗ ಬೇಕಾದಷ್ಟಿತ್ತು. ಊರಿನ ಹೆಂಗಸರೆಲ್ಲ ಅಲ್ಲೇ. ಒಳಗೆ ಗಂಡಸರು ಅರಾಬಾಳನ್ನು ಬಾಯಿಗೆ ಬಂದಂತೆ ಬೈದರು. ಮನೆ ಒಡೆಯುವವಳು ಎಂದರು. ಆಗ ಕ್ವಾಮೆನಾ ಎದ್ದದ್ದು ಬಲೆಯ ಕಣ್ಣಿನಿಂದ ಅವಳಿಗೆ ಕಂಡಿತು. ಇವನೂ ಬೈಯುತ್ತಾನಾ?

"ಶನಿವಾರ ನನ್ನ ಬಲೆ ಖಾಲಿ ಬಂದಿತ್ತು," ಎಂದ ಅವನು. "ಮಾರನೇ ದಿನ ಮಾವಂದಿರು ಹೆಣ್ಣು ಕೇಳೋಕೆ ಹೊರಟಿದ್ರು. ಖಾಲಿ ದೋಣಿಯಲ್ಲಿ ಹೇಗೆ ಬರೋದು ಅಂತ, ನಡುಕಡಲಲ್ಲಿ ಇನ್ನೊಂದು ದೋಣಿಯಿಂದ ಮೀನು ಕೊಂಡೆ. ಒತ್ತಿಯೂ ನೋಡಲಿಲ್ಲ."

ಗಂಡಸರು ಬಿದ್ದು ಬಿದ್ದು ನಕ್ಕರು. ದೋಣಿ ನಡೆಸುವವನು ಮೀನು ಕೊಂಡು ತರುವುದೇ? ಆ ಊರಲ್ಲಿ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಬಲೆಯ ಹಿಂದೆ ಅರಾಬಾಳಿಗೆ ಮಾತ್ರ ನಗು ಬರಲಿಲ್ಲ. ಅವನು ದಡದಲ್ಲಿ ಬಾಯಿ ಮುಚ್ಚಿದ್ದು ಯಾಕೆ ಎಂದು ಈಗ ತಿಳಿಯಿತು.

"ನಗಿ," ಎಂದ ಕ್ವಾಮೆನಾ. "ಈ ನಗುವಿಗೆ ಹೆದರಿ ಅವತ್ತು ಸುಮ್ಮನಿದ್ದೆ, ಅವಳನ್ನ ಕಳಕೊಂಡೆ. ಇನ್ನು ಹೆದರೋಕೆ ಏನೂ ಉಳಿದಿಲ್ಲ. ಯಾಕೆ ಖಾಲಿ ಬಂತು ನನ್ನ ಬಲೆ, ಅದನ್ನ ಹೇಳಿ. ನಮ್ಮಪ್ಪಂದಿರ ಕಾಲದಲ್ಲಿ ಹೀಗೆ ಖಾಲಿ ಬರ್ತಿತ್ತಾ? ನಾವು ಇಲ್ಲಿ ಊಟ ಇಲ್ಲ ಅಂತ ಅಳ್ತಾ ಇದೀವಿ. ನಮ್ಮ ಮಕ್ಕಳಿಗೆ ಮೀನೇ ಇರಲ್ಲ. ನಾನು ಇನ್ನು ಮದ್ದು ಎಸೆಯೋನ ದೋಣಿ ಪಕ್ಕ ನನ್ನ ದೋಣಿ ನಿಲ್ಲಿಸಲ್ಲ. ನನ್ನ ಜೊತೆ ಯಾರು ಬರ್ತೀರಿ?"

ಆಮೇಲೆ ಎಕುವಾಳ ಗಂಡ ಎದ್ದು, ಅವತ್ತು ಮೀನು ಮಾರಿದವನು ನಾನೇ ಎಂದ. ಹೊರಗೆ ಹೋಗಿ ದೋಣಿಯಲ್ಲಿ ಅಡಗಿಸಿಟ್ಟಿದ್ದ ಮದ್ದಿನ ಗಂಟು ತಂದು ಯಜಮಾನನ ಕಾಲ ಬಳಿ ಇಟ್ಟ. ಅವನ ಹಿಂದೆ ಇನ್ನೊಬ್ಬ ಎದ್ದ. ಮತ್ತೊಬ್ಬ. ಕೊನೆಗೆ ಎಲ್ಲ ಗಂಟುಗಳನ್ನೂ ಪೊಲೀಸರಿಗೆ ಒಪ್ಪಿಸುವುದೆಂದು ಯಜಮಾನ ಹೇಳಿದಾಗ ಒಬ್ಬನೂ ಎದುರಾಡಲಿಲ್ಲ.

ಅವತ್ತು ಸಂಜೆ ಬೀದಿ ತುಂಬ ಬಟ್ಟಲುಗಳು. ಎಕುವಾ ಮುಚ್ಚಿಕೊಳ್ಳದೆ, ತಲೆಯ ಮೇಲಿಟ್ಟುಕೊಂಡೇ ಹೋದಳು.

ಅರಾಬಾಳ ಮನೆಯ ಬಾಗಿಲನ್ನು ಮಾತ್ರ ಯಾರೂ ತಟ್ಟಲಿಲ್ಲ. ಕ್ವಾಮೆನಾನ ದೊಡ್ಡ ಮಾವ ಕಡ್ಡಿ ಮುರಿದಂತೆ ಹೇಳಿದ್ದನಂತೆ, ನಮ್ಮ ಮನೆತನ ಒಂದೇ ಬಾಗಿಲಿಗೆ ಎರಡು ಸಲ ಹೋಗುವುದಿಲ್ಲ ಎಂದು. ಕ್ವಾಮೆನಾ ದಡದಲ್ಲಿ ಕಂಡರೂ ಕಣ್ಣಲ್ಲೇ ನೋಡಿ ಹೋಗುತ್ತಿದ್ದ. ದಿನ ಕಳೆದಂತೆ ಅರಾಬಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನು ಬರುವಂತಿಲ್ಲ. ಹಾಗಾದರೆ?

ಅವಳು ನೇರವಾಗಿ ನಾನಾ ಬಾದುವಾಳ ಅಂಗಳಕ್ಕೆ ಹೋಗಿ ವಿಷಯ ಹೇಳಿದಳು. ಮುದುಕಿ ಕಣ್ಣು ಕಣ್ಣು ಬಿಟ್ಟಳು.

"ಹೆಣ್ಣಿನ ಕಡೆಯೋರು ಹೋಗಿ ಗಂಡಿನ ಮನೆ ಬಾಗಿಲು ತಟ್ಟಿದ್ದನ್ನ ಈ ವಯಸ್ಸಿನವರೆಗೂ ನಾನು ಕಂಡಿಲ್ಲ ಕಣೇ."

"ಊರಿಗೂರೇ ಬುತ್ತಿ ನಿಲ್ಲಿಸಿದ್ದನ್ನೂ ನೀವು ಕಂಡಿರಲಿಲ್ಲ, ನಾನಾ."

ಮುದುಕಿ ಕೋಲು ಹುಡುಕತೊಡಗಿದಳು.

ಭಾನುವಾರ ಕ್ವಾಮೆನಾನ ಮನೆಯ ಬಾಗಿಲು ಸದ್ದು ಮಾಡಿತು. ದೊಡ್ಡ ಮಾವ ತೆರೆದು ನೋಡಿದರೆ ಮುಂದೆ ನಾನಾ ಬಾದುವಾ, ಪಕ್ಕದಲ್ಲಿ ಬಾಟಲಿ ಹಿಡಿದ ಅಮ್ಮ, ನಡುವೆ ಅರಾಬಾ, ಹಿಂದೆ ಎಕುವಾ ಮತ್ತು ಮೀನುಮಾರುವ ಹೆಂಗಸರ ದಂಡು.

"ಏನು ಬಂದಿರಿ?" ಮಾವ ಗಂಟು ಮುಖದಲ್ಲೇ ಕೇಳಿದ.

ನಾನಾ ಬಾದುವಾ ಗಂಟಲು ಸರಿಪಡಿಸಿಕೊಂಡು, ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಹೇಳುವ ಮಾತನ್ನೇ ಒಂದಕ್ಷರ ಬಿಡದೆ ಹೇಳಿದಳು.

"ನಿಮ್ಮ ಅಂಗಳದಲ್ಲಿ ಒಂದು ಚೆಂದದ ಹೂವು ಅರಳಿದೆ ಅಂತ ಕೇಳಿದ್ವಿ. ಕಿತ್ಕೊಂಡು ಹೋಗೋಣ ಅಂತ ಬಂದ್ವಿ."

ಹೂವು ಅಂಗಳದ ಮೂಲೆಯಲ್ಲಿ ಬನಿಯನ್ನು ತೊಟ್ಟು, ಮೊಣಕೈವರೆಗೂ ಡಾಂಬರು ಮೆತ್ತಿಕೊಂಡು, ದೋಣಿಯ ಹುಟ್ಟು ಹಿಡಿದು ನಿಂತಿತ್ತು. ಹೆಂಗಸರ ನಗು ಬೀದಿಯ ಕೊನೆಗೂ ಕೇಳಿಸಿತು. ಮಾವ ತುಟಿ ಕಚ್ಚಿ ಹಿಡಿದುಕೊಂಡ, ಹಿಡಿದುಕೊಂಡ... ಕೊನೆಗೆ ಅವನೂ ನಕ್ಕುಬಿಟ್ಟ. ಆಮೇಲೆ ಕ್ರಮದಂತೆ, ಹೆಣ್ಣನ್ನು ಕೇಳುವ ಹಾಗೆಯೇ, ಕ್ವಾಮೆನಾನ ಕಡೆ ತಿರುಗಿ ಕೇಳಿದ.

"ಏನಪ್ಪಾ, ಇವರ ಬಾಟಲಿ ತಗೊಳ್ಳಲಾ?"

ಕ್ವಾಮೆನಾ ಹುಟ್ಟು ಬಿಟ್ಟು ಅರಾಬಾಳ ಎದುರು ಬಂದು ನಿಂತ.

"ಅವತ್ತು ಬಾಗಿಲು ತೆರೀಲಿಲ್ಲ ಅಂತ ನಿನ್ನ ಮೇಲೆ ಕೋಪ ಇರಲಿಲ್ಲ," ಎಂದ ತಗ್ಗಿದ ದನಿಯಲ್ಲಿ. "ತೆರೆದಿದ್ರೆ ನನಗೆ ನಾಚಿಕೆಯಾಗ್ತಿತ್ತು."

"ಬಾಗಿಲ ಒಳಗಡೆ ನಾನು ಅಳ್ತಾ ಇದ್ದೆ, ಕ್ವಾಮೆನಾ."

"ಗೊತ್ತಿದ್ರೆ ಒಡೆದುಕೊಂಡೇ ಬರ್ತಿದ್ದೆ."

"ಈಗ ನಾನೇ ಬಂದಿದೀನಲ್ಲ," ಎಂದಳು ಅರಾಬಾ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಊರು ಅವತ್ತೇ ಕೇಳಿದ್ದು. "ಬೇಗ ಹೇಳು, ನನಗೆ ಕಾಯೋಕೆ ಬರಲ್ಲ."

"ತಗೊಳ್ಳಿ ಮಾವ," ಎಂದ ಅವನು, ಅವಳ ಮುಖದಿಂದ ಕಣ್ಣು ಕೀಳದೆ. "ತಗೊಳ್ಳಿ."