ನಮ್ಮ ಲೈನಿನ ಗಾಳಿ ಟ್ಯಾಂಕ್

ಆ ಆಡಿಟ್ ಮೇಡಂ ನಮ್ಮ ಫ್ಯಾಕ್ಟರಿಗೆ ಕಾಲಿಟ್ಟ ದಿನದಿಂದ ನನಗೆ ಹೊಟ್ಟೆಕಿಚ್ಚು. ಕರೆಂಟ್ ಬಿಲ್ ಇಳಿಸಲು ಬಂದವಳಂತೆ. ಇಳಿಸಲಿ, ಯಾರು ಬೇಡ ಅಂದರು? ಅದಕ್ಕೆ ನಮ್ಮ ಗಾಳಿರಾಯನ ಬೆನ್ನಿಗಂಟಿಕೊಂಡೇ ತಿರುಗಬೇಕಾ?

ಗಾಳಿರಾಯ ಅಂದರೆ ಕಂಪ್ರೆಸರ್ ರೂಮಿನ ಫಿಟ್ಟರ್. ಫ್ಯಾಕ್ಟರಿಯ ಮಷೀನುಗಳಿಗೆಲ್ಲ ಪೈಪಿನಲ್ಲಿ ಗಾಳಿ ಕಳಿಸುವವನು ಅವನೇ, ಹಾಗಾಗಿ ಆ ಹೆಸರು. ನಾನು ಸೋಪ್ ಪ್ಯಾಕಿಂಗ್ ಲೈನಿನ ಇನ್‌ಚಾರ್ಜ್. ಡಬ್ಬಿಗಳನ್ನು ತಳ್ಳುವಾಗ ನನ್ನ ಮಷೀನು ಒಮ್ಮೆಲೇ ಗಾಳಿ ಎಳೆಯುತ್ತಿತ್ತು, ಪ್ರೆಶರ್ ಕುಸಿದು ನಿಂತೇ ಬಿಡುತ್ತಿತ್ತು. ನಾನು ಫೋನ್ ಮಾಡುತ್ತಿದ್ದೆ. ಅವನು ಬರುತ್ತಿದ್ದ.

"ಏನ್ ಇನ್‌ಚಾರ್ಜಮ್ಮ, ಮತ್ತೆ ಉಸಿರು ಕಟ್ತಾ?"

"ನಂಗಲ್ಲ, ಮಷೀನಿಗೆ."

"ಮುಖ ನೋಡಿದ್ರೆ ನಿಮಗೇ ಅನ್ಸುತ್ತಪ್ಪ!"

ಮೀಟರ್ ನೋಡಬೇಕಾದವನು ನನ್ನನ್ನೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿದರೂ ಕಣ್ಣು ಮಾತು ಕೇಳುತ್ತಿರಲಿಲ್ಲ. ನಮ್ಮ ನಡುವೆ ಇದ್ದದ್ದು ಇಷ್ಟೇ. ಲೈನ್ ನಿಂತಾಗೆಲ್ಲ ಮ್ಯಾನೇಜರ್ ನನಗೆ ಬೈಯುತ್ತಿದ್ದರು, ಆದರೂ ನಿಲ್ಲಲಿ ದೇವರೇ ಅಂತ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಆಡಿಟ್ ಮೇಡಂ ಹತ್ತಿರ ಗಾಳಿ ಸೋರುವ ಸದ್ದು ಹಿಡಿಯುವ ಯಂತ್ರವಿತ್ತು, ಅದಕ್ಕೊಂದು ಹೆಡ್‌ಫೋನ್. ಮೊನ್ನೆ ನನ್ನ ಕಣ್ಣೆದುರೇ ಅದನ್ನು ತನ್ನ ಕಿವಿಯಿಂದ ತೆಗೆದು ಅವನ ಕಿವಿಗೆ ಹಾಕಿದಳು. ಯಾಕೆ, ಅವನಿಗೇನು ಕೈಯಿಲ್ಲವಾ?

ಅವತ್ತೇ ಮೀಟಿಂಗ್.

"ನಿಮ್ಮ ಒಂದು ಮಷೀನಿಗೋಸ್ಕರ ಇಡೀ ಫ್ಯಾಕ್ಟರಿ ಪ್ರೆಶರ್ ಏರಿಸಿಟ್ಟಿದಾರೆ," ಅಂದಳು ಮೇಡಂ. "ಕರೆಂಟ್ ಸುಮ್ನೆ ದಂಡ. ನಿಮ್ಮ ಲೈನ್ ಪಕ್ಕ ಒಂದು ಟ್ಯಾಂಕ್ ಇಟ್ರೆ ಗಾಳಿ ಅಲ್ಲೇ ತುಂಬ್ಕೊಂಡಿರುತ್ತೆ. ಮನೆ ಮೇಲೆ ನೀರಿನ ಟ್ಯಾಂಕ್ ಇದ್ದ ಹಾಗೆ."

"ಆಮೇಲೆ ಮಷೀನ್ ನಿಲ್ಲೋ ಮಾತೇ ಇಲ್ಲ!" ಅಂದ ಗಾಳಿರಾಯ, ಮುಖ ಊರಗಲ ಮಾಡಿಕೊಂಡು.

ಮಷೀನು ನಿಲ್ಲುವುದಿಲ್ಲ. ಅಂದರೆ ಇವನು ಬರುವುದೂ ಇಲ್ಲ. ಅದಕ್ಕೆ ಇಷ್ಟು ಖುಷಿಯಾ! ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು.

"ಜಾಗ ಇಲ್ಲ," ಅಂದೆ.

"ಆ ಮೂಲೆ?" ಅಂದ ಗಾಳಿರಾಯ.

"ಅಲ್ಲಿ ನನ್ನ ಮೇಜಿದೆ. ಅದನ್ನ ಕದಲಿಸೋಕೆ ನಾನು ಬಿಡಲ್ಲ."

ಅವನ ನಗು ಇಳಿದುಹೋಯಿತು. ಇಳಿಯಲಿ ಅಂದುಕೊಂಡೆ. ಮನೆಗೆ ಬಂದು ಪಾತ್ರೆ ಕುಕ್ಕಿದ ಸದ್ದಿಗೆ ಅಕ್ಕ ಅಡುಗೆಮನೆಗೆ ಓಡಿಬಂದಳು.

"ಯಾರ ಮೇಲಿನ ಕೋಪ ಕಣೇ?"

"ಯಾರ ಮೇಲೂ ಇಲ್ಲ."

"ಹಾಗಾದ್ರೆ ಪಾತ್ರೆ ನೆಗ್ಗಿಸ್ಬೇಡ."

ಮರುದಿನ ಕಂಪ್ರೆಸರ್ ರೂಮಿನ ಗಾಜಿನಾಚೆ ಅವರಿಬ್ಬರೇ. ತಲೆಗೆ ತಲೆ ತಾಗಿಸಿ ಒಂದು ಡ್ರಾಯಿಂಗ್ ಮೇಲೆ ಬಗ್ಗಿದ್ದರು. ಅವನು ಏನೋ ಗೋಗರೆಯುತ್ತಿದ್ದ, ಅವಳು ನಗುತ್ತಾ ತಲೆಯಾಡಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಬಾಗಿಲು ತಳ್ಳಿದೆ.

"ಸೋರೋದನ್ನ ಹುಡುಕೋಕೆ ಇಷ್ಟು ಹತ್ರ ನಿಲ್ಬೇಕಾ?"

ಗಾಳಿರಾಯ ಬೆಚ್ಚಿಬಿದ್ದ. ಮೇಡಂ ಮಾತ್ರ, "ಒಳ್ಳೇ ಟೈಮಿಗೆ ಬಂದ್ರಿ, ನೀವೇ ಬುದ್ಧಿ ಹೇಳಿ," ಅಂದಳು. "ಗಾಳಿ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತೆ, ದಿನಾ ಬಿಡ್ಬೇಕು. ಅದಕ್ಕೆ ಆಟೊಮ್ಯಾಟಿಕ್ ವಾಲ್ವ್ ಇದೆ, ತಾನೇ ಬಿಡುತ್ತೆ. ಬೇರೆ ಟ್ಯಾಂಕ್‌ಗಳಿಗೆಲ್ಲ ಇವ್ರು ಹೂಂ ಅಂದ್ರು. ನಿಮ್ಮ ಲೈನಿನ ಟ್ಯಾಂಕಿಗೆ ಮಾತ್ರ ಬೇಡ್ವಂತೆ! ದಿನಾ ಬಂದು ಕೈಯಲ್ಲೇ ಬಿಡ್ತೀನಿ ಅಂತ ಒಂದೇ ಹಠ. ಅಷ್ಟು ದೂರ ಸುಮ್ಸುಮ್ನೆ ಯಾರ್ರೀ ನಡೀತಾರೆ?"

ಗಾಳಿರಾಯ ನೆಲ ನೋಡುತ್ತಿದ್ದ. ಕಿವಿ ಕೆಂಪಗಾಗಿತ್ತು. ಮೇಡಂ ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಓಹೋ," ಅಂದವಳೇ ಡ್ರಾಯಿಂಗ್ ಮಡಚಿಕೊಂಡು ಹೊರಗೆ ಹೋದಳು.

"ಮಷೀನ್ ನಿಂತಾಗೆಲ್ಲ ನಿಮಗೆ ಬೈಗುಳ," ಅಂದ ಅವನು ಮೆಲ್ಲಗೆ. "ನೀವು ಬೈಸ್ಕೊಂಡ್ರೇನೇ ನಾನು ನಿಮ್ಮನ್ನ ನೋಡೋದು ಅಂದ್ರೆ ಅದೆಂಥ ಬಾಳು? ಮಷೀನ್ ನಿಲ್ಬಾರ್ದು, ನಾನು ಬರೋದೂ ನಿಲ್ಬಾರ್ದು. ನಂಗೆ ಬೇರೆ ದಾರಿ ಹೊಳೀಲಿಲ್ಲ."

ಆದರೂ ಕೇಳದೆ ಬಿಡುವವಳಾ ನಾನು?

"ಮತ್ತೆ ಆ ಹೆಡ್‌ಫೋನ್?"

"ಯಾವ್ದು?"

"ಅವ್ಳು ಕಿವಿಗೆ ಹಾಕಿದ್ದು."

"ಅಯ್ಯೋ, ಕೈಯೆಲ್ಲ ಗ್ರೀಸ್ ಆಗಿತ್ತು ಮಾರಾಯ್ತಿ!"

ಇನ್‌ಚಾರ್ಜಮ್ಮ ಹೋಗಿ ಮಾರಾಯ್ತಿ ಆಗಿದ್ದೆ. ಅದು ಅವನಿಗೂ ತಡವಾಗಿ ಹೊಳೆದು ನಾಲಿಗೆ ಕಚ್ಚಿಕೊಂಡ.

ನಾನು ನೇರ ನನ್ನ ಲೈನಿಗೆ ನಡೆದೆ, ಅವನು ಹಿಂದೆಯೇ ಬಂದ. ಮೂಲೆಯ ಮೇಜಿನ ಒಂದು ಬದಿ ಎತ್ತಿ, "ಆ ಕಡೆ ಹಿಡಿ," ಅಂದೆ.

"ಎಲ್ಲಿಗೆ?"

"ಇಲ್ಲೇ ಪಕ್ಕಕ್ಕೆ. ವಾಲ್ವ್ ನನ್ನ ಕಣ್ಣಿಗೆ ಕಾಣ್ಬೇಕು." ಮೇಜು ಇಳಿಸಿ ಉಸಿರು ಬಿಟ್ಟೆ. "ನೋಡು, ನೀರು ಬಿಡೋಕೆ ಒಂದೇ ಒಂದು ದಿನ ಬೇರೆಯವ್ರನ್ನ ಕಳ್ಸಿದ್ರೂ, ಆಟೊಮ್ಯಾಟಿಕ್ ವಾಲ್ವ್ ನಾನೇ ಹಾಕಿಸ್ತೀನಿ."

"ಜೀವ ಇರೋವರೆಗೂ ನಾನೇ ಬರ್ತೀನಿ. ಸಾಕಾ?"

"ಸಾಲ್ದು," ಅಂದೆ. "ಮನೆಗೂ ಬಾ. ಅಕ್ಕನ ಹತ್ರ ಮಾತಾಡು. ಬೇಗ ಬಾ, ಮನೇಲಿ ನೆಗ್ಗದೆ ಇರೋ ಪಾತ್ರೆ ಹೆಚ್ಚಿಲ್ಲ."