‘ಹ’ಕಾರ ನುಂಗಿದ ಗಂಡ

"ಇಲ್ಲಿ ದ್ಯಾವಯ್ಯನೋರ ಮನೆ ಯಾವ್ದಮ್ಮ?"

ಹೊಳೆನರಸೀಪುರದ ಬಾವಿಕಟ್ಟೆಯ ಬಳಿ ಬಿಂದಿಗೆ ಎತ್ತುತ್ತಿದ್ದ ಶಾಂತಕುಮಾರಿ ತಿರುಗಿ ನೋಡಿದಳು. ವ್ಯಾನಿನ ಕಿಟಕಿಯಲ್ಲಿ ಇಣುಕಿದ್ದ ಮುಖ ಕಂಡು ಬಿಂದಿಗೆ ಕೆಳಗಿಟ್ಟಳು.

ದಾರಿ ಕೇಳುತ್ತಿದ್ದವನು ಅವಳ ಗಂಡ!

"ನಾನೇ ಅವ್ರ ಮಗಳು," ಎಂದಳು. "ನಿಮ್ಗೆ... ಯಾರ್ ಬೇಕಿತ್ತು?"

ಚಂದ್ರಯ್ಯ ಕಿವಿಯವರೆಗೂ ಕೆಂಪಾದ. "ನೀನೇ," ಅಂದ.

ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಮೂರು ತಿಂಗಳ ಹಿಂದೆ, ೧೯೬೨ರ ಬೇಸಿಗೆಯಲ್ಲಿ, ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತ ಹೆಣ್ಣನ್ನು ಅವನು ನೋಡಿದ್ದೆಷ್ಟು? ಮದುವೆಯಾದ ಮಾರನೆಯ ದಿನವೇ ಕೆಲಸಕ್ಕೆ ಓಡಿದ್ದ.

ಕೆಲಸವೂ ವಿಚಿತ್ರದ್ದೇ. ಹಾಸನದ ಸಸಿ ವ್ಯಾಪಾರಿ ಸಂಪತ್ಕುಮಾರರಿಗೆ ಕಡಲ ಪಕ್ಕದ ಮರಳಲ್ಲಿ ದ್ರಾಕ್ಷಿ ಬೆಳೆಸುವ ಹುಚ್ಚು. ಅವರ ವ್ಯಾನು ಓಡಿಸಿ ಕರಾವಳಿಯ ತೋಟಗಳಿಗೆಲ್ಲ ಸಸಿ ಮುಟ್ಟಿಸುವುದು ಚಂದ್ರಯ್ಯನ ಪಾಲಿಗೆ ಬಂದಿತ್ತು. ವಾಸ ಸುರತ್ಕಲ್ಲಿನ ತೋಟದಲ್ಲಿ, ಒಂದೇ ಕೋಣೆಯಲ್ಲಿ.

"ಕರ್ಕಂಡೋಗಿ ಸಮುದ್ರ ತೋರ್ಸಪ್ಪ," ಎಂದ ಮಾವ ದ್ಯಾವಯ್ಯ. "ಆದ್ರೆ ನಾಕೇ ದಿನ. ಸರಿಯಾಗ್ ಮನೆ ಮಾಡಿದ್ ಮ್ಯಾಲೆ ಪೂರ್ತಿ ಕಳುಸ್ತೀನಿ. ಅವಳೇ ಇರ್ತೀನಿ ಅಂದ್ರೆ ನಂದೇನೂ ತಕರಾರಿಲ್ಲ."

ಇರುತ್ತೇನೆ ಅನ್ನುವುದಕ್ಕೆ ಶಾಂತಕುಮಾರಿ ಮನಸ್ಸಿನಲ್ಲೇ ತಯಾರಾಗಿ ವ್ಯಾನು ಹತ್ತಿದಳು. ಆದರೆ ಇರು ಅಂತ ಅವನು ಕರೆಯದೆ ಇರುವುದು ಹೇಗೆ? ಅವನ ಬಾಯಿಂದ ಒಂದು ಮಾತು ಬರಬೇಕಲ್ಲ...

ಮಾತೇ ಆ ಮನುಷ್ಯನಿಗೆ ಕಷ್ಟವಾಗಿತ್ತು.

ಘಟ್ಟ ಇಳಿದು ಮಲ್ಪೆಗೆ ಬಂದರು. ಮೊದಲ ಸಲ ಕಡಲು ಕಂಡ ಅವಳು ಸೆರಗು ಹಾರುತ್ತಿದ್ದರೂ ಲೆಕ್ಕಿಸದೆ ನಿಂತುಬಿಟ್ಟಳು.

"ನೀರು ಬಂದಿದ್ದು ಯಾಕೆ ಇಂದಕ್ಕೆ ಓಯ್ತದೆ?"

"ಅಲೆ."

ಸಸಿ ಇಳಿಸಲು ಹೋದ ತೋಟದಲ್ಲೂ ಅಷ್ಟೇ.

"ಬಳ್ಳಿ ಎಲ್ಲಾ ಯಾಕಿಂಗೆ ಕತ್ತರ್ಸಿದೀರಿ?"

"ಚಿಗುರಾಕೆ."

ರಾತ್ರಿ ಉಳಿದುಕೊಂಡ ತೋಟದವರ ಮನೆಗಳಲ್ಲಿ ಹೆಂಗಸರು ಅವಳನ್ನು ಒಳಗೆ ಎಳೆದುಕೊಂಡುಬಿಡುತ್ತಿದ್ದರು. ಗಂಡ ಸಿಗುತ್ತಿದ್ದದ್ದು ವ್ಯಾನಿನಲ್ಲಿ ಮಾತ್ರ. ಕಾಪು ದಾಟುವ ಹೊತ್ತಿಗೆ ಅವಳಿಗೆ ಕಡಲಿಗಿಂತ ಇವನೇ ದೊಡ್ಡ ಕುತೂಹಲವಾಗಿದ್ದ. ಏನು ಯೋಚಿಸುತ್ತಾನೆ? ನಾನು ಹಿಡಿಸಿದೆನೋ ಇಲ್ಲವೋ?

ಮೂಲ್ಕಿಯ ಹೊಳೆಯಲ್ಲಿ ಜೋಡಿ ದೋಣಿಯ ಮೇಲೆ ವ್ಯಾನು ಹತ್ತಿಸಿ ದಾಟಿಸಿದರು. ದೋಣಿ ಓಲಾಡಿದಾಗ ಅವಳು ಅವನ ತೋಳು ಹಿಡಿದಳು. ಆಚೆ ದಡ ಮುಟ್ಟಿದ ಮೇಲೂ ಅವನು ತೋಳು ಬಿಡಿಸಿಕೊಳ್ಳಲಿಲ್ಲ. ಅವಳಿಗೆ ಆಸೆ ಹುಟ್ಟಿದ್ದು ಅಲ್ಲೇ.

ನಾಲ್ಕನೆಯ ದಿನ ಸುರತ್ಕಲ್ಲಿನ ತೋಟ. ಚಪ್ಪರದ ಕೆಳಗೆ ಇಬ್ಬರೇ. ಚಂದ್ರಯ್ಯ ಒಂದು ಗೊಂಚಲು ಕಿತ್ತು ಕೊಟ್ಟ. ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು, ಅವನೂ ಒಂದು ಹಾಕಿಕೊಂಡ. ಆಮೇಲೆ ಕಡಲ ಕಡೆ ಮುಖ ಮಾಡಿ, ತುಂಬ ಮೆಲ್ಲಗೆ ಹೇಳಿದ:

"ಉಳಿ."

ಶಾಂತಕುಮಾರಿ ಮುಖ ಕಿವುಚಿದಳು. "ಊಂ... ಬ್ಯಾಡ. ನಂಗಾಗಕಿಲ್ಲ."

"ಸರಿ," ಅಂದವನೇ ಹೊರಟುಹೋದ.

ಅವಳಿಗೆ ಏನೂ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಟ್ರಂಕು ವ್ಯಾನಿಗೆ ಇಟ್ಟಾಗ ಮಾತ್ರ ತನ್ನನ್ನು ಊರಿಗೆ ಕಳಿಸುತ್ತಿದ್ದಾನೆಂದು ಹೊಳೆಯಿತು. ಅಷ್ಟು ಬೇಗ ಸಾಕಾದೆನಾ?

ಮಂಗಳೂರಿನ ಬಸ್ ಸ್ಟ್ಯಾಂಡ್. ಹಾಸನದ ಬಸ್ಸಿನ ಮೇಲೆ ಟ್ರಂಕು ಏರಿತು. ಕಿಟಕಿಯ ಪಕ್ಕ ಕೂತವಳಿಗೆ ಅಳು ಒತ್ತಿಕೊಂಡು ಬಂದರೂ ಕೇಳುವ ಚಾಳಿ ಬಿಡಲಿಲ್ಲ.

"ಒಂದ್ ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ನಾನೇನ್ ತಪ್ ಮಾಡ್ದೆ? ಅಣ್ಣು ಬ್ಯಾಡ ಅಂದಿದ್ಕೆ ಇಷ್ಟ್ ಕ್ವಾಪಾನಾ?"

"ಯಾವಣ್ಣು?"

"ದ್ರಾಕ್ಷಿ. ಉಳಿ ಅಂತ ನೀವೇ ಅಂದ್ರಲ್ಲ. ನಂಗೂ ಉಳೀನೇ ಅನ್ನುಸ್ತು, ಬ್ಯಾಡ ಅಂದೆ."

ಚಂದ್ರಯ್ಯ ಕಿಟಕಿಯ ಸರಳು ಹಿಡಿದುಕೊಂಡ. "ನಾನು ಅಣ್ಣಿನ್ ಮಾತಾಡ್ಲಿಲ್ಲ ಕಣಮ್ಮಿ... ನಿಂಗೆ ಏಳ್ದೆ. ಇಲ್ಲೇ ಇರು ಅಂದೆ."

ನಮ್ಮ ಸೀಮೆಯವರು ‘ಹ’ ನುಂಗುತ್ತಾರೆಂದು ಮೇಷ್ಟ್ರುಗಳು ಕಿವಿ ಹಿಂಡಿದ್ದುಂಟು. ಆದರೆ ಹುಳಿಗೂ ಉಳಿಗೂ ವ್ಯತ್ಯಾಸ ತಿಳಿಯದೆ ಒಂದು ಸಂಸಾರವೇ ಬಸ್ಸು ಹತ್ತಿದ್ದನ್ನು ಯಾವ ಮೇಷ್ಟ್ರೂ ಕಂಡಿರಲಿಕ್ಕಿಲ್ಲ.

ಶಾಂತಕುಮಾರಿ ನಗುತ್ತಿದ್ದಳೋ ಅಳುತ್ತಿದ್ದಳೋ, ಪಕ್ಕದವರಿಗೆ ಗೊತ್ತಾಗಲಿಲ್ಲ. ಎದ್ದು ಕಂಡಕ್ಟರನ ಬಳಿ ಹೋದಳು. "ಸಾ, ನನ್ ಟ್ರಂಕ್ ಇಳ್ಸಿ ಸಾ. ನಾನ್ ಓಗಕಿಲ್ಲ."

ಬಸ್ಸು ಹೊರಟುಹೋಯಿತು. ಇಬ್ಬರೂ ಧೂಳಿನಲ್ಲಿ ನಿಂತರು.

"ನಂಗ್ ಮಾತ್ ಬರಾಕಿಲ್ಲ ಕಣಮ್ಮಿ," ಅಂದ ಅವನು. "ಮುಂದಕ್ಕೆ ನಿಂಗೆ ಬ್ಯಾಸರ ಆಯ್ತದೆ."

"ಆಗ್ಲಿ. ಆದಾಗ ನಾನೇ ಕೇಳ್ತೀನಿ."

"ಏನಂತ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ನನ್ ಕಂಡ್ರೆ ನಿಮ್ಗೆ ಇಷ್ಟಾನಾ ಅಂತ."

ಚಂದ್ರಯ್ಯ ಟ್ರಂಕು ಎತ್ತಿ ಹೆಗಲಿಗೇರಿಸಿದ. ಎರಡು ಹೆಜ್ಜೆ ಹೋಗಿ, ನಿಂತು, ಹಿಂತಿರುಗಿ ಅವಳ ಮುಖವನ್ನೇ ನೋಡಿದ.

"ಬ್ಯಾಸರ ಆಗೋಗಂಟ ಯಾಕ್ ಕಾಯ್ತೀಯಾ?" ಅಂದ. "ಈಗ್ಲೇ ಕೇಳಮ್ಮಿ."