ನೀರು ಸೋಕಬಾರದ ಹಲಗೆ

"ಈ ನೆಲಕ್ಕೆ ನೀರು ಸೋಕಿಸ್ಬೇಡ ಕಣವ್ವ. ಗುಡಿಸ್ಕೊ, ಒಣಬಟ್ಟೇಲಿ ಒರೆಸ್ಕೊ. ನೀರು ಮಾತ್ರ ಬೇಡ."

ಬೀಗದ ಕೈ ಕೊಡುವಾಗ ಮನೆಯೊಡತಿ ಕೆಂಪಕ್ಕ ಇಷ್ಟೇ ಹೇಳಿದ್ದರೆ ಶೈಲಶ್ರೀ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಮರದ ನೆಲಕ್ಕೆ ನೀರು ಆಗದು ಎನ್ನುವುದು ಯಾರಿಗೆ ಗೊತ್ತಿಲ್ಲ? ಆದರೆ ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ದನಿ ತಗ್ಗಿಸಿದಳು. ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಇದೇ ಜಾಗದಲ್ಲಿ ಅವರ ಹಳೇ ಮನೆಯಿತ್ತಂತೆ. ಕೆಂಪಕ್ಕನ ಅತ್ತೆಯ ಸವತಿಯನ್ನು ರಾಗಿ ತುಂಬುವ ಕೋಣೆಯಲ್ಲಿ ಕೂಡಿಹಾಕಿ, ಹನಿ ನೀರು ಕೊಡದೆ ಸಾಯಿಸಿದರಂತೆ. ಸತ್ತವಳು ಸುಮ್ಮನಿರಲಿಲ್ಲ. ಮಾಟಗಾರನನ್ನು ಕರೆಸಿ, ತಾಮ್ರದ ತಗಡಿಗೆ ಏಳು ಮೊಳೆ ಹೊಡೆಸಿ, ಅವಳನ್ನು ನೆಲದಲ್ಲೇ ಕಟ್ಟಿಹಾಕಿದರು. ಹಳೇ ಮನೆ ಕೆಡವಿ ಹೊಸದು ಕಟ್ಟುವಾಗಲೂ ಆ ತಗಡನ್ನು ಅಲುಗಿಸದೆ ಮೇಲೆ ಹಲಗೆ ಹೊದಿಸಿದರಂತೆ.

"ನೀರು ಸೋಕಿದ್ರೆ ಏಳ್ತಾಳೆ. ಎದ್ದು ಹೊರಡ್ತಾಳೆ. ಆಗ 'ಹೋಗು' ಅಂದ್ಬುಡು. ಅದರ ಮುಂದೆ ಇನ್ನೊಂದು ಮಾತು ಸೇರಿಸ್ಬೇಡ."

"ಅವ್ರೂ ಬಾಡಿಗೇಲಿ ಪಾಲು ಕೊಡ್ತಾರಾ ಅಜ್ಜಿ?" ಎಂದು ಶೈಲಶ್ರೀ ನಕ್ಕಳು. ಕೆಂಪಕ್ಕ ನಗಲಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಶೈಲಶ್ರೀ ಮಾಟಮಂತ್ರ ಎಂದರೆ ಮೂಗು ಮುರಿಯುವವಳು. ಒಂದು ವಿಷಯದಲ್ಲಿ ಮಾತ್ರ ಅವಳು ಬಸವನಗುಡಿಯ ತನ್ನ ಅಜ್ಜಿಗಿಂತ ಅಜ್ಜಿ. ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನಕೂಡದು, 'ಹೋಗಿ ಬರ್ತೀನಿ' ಅನ್ನಬೇಕು. ಗಂಡ ಮಯೂರ್ ಒಂದು ಬೆಳಿಗ್ಗೆ ಸಿಡುಕಿನಲ್ಲಿ 'ಹೋಗ್ತೀನಿ' ಎಂದು ಬೈಕ್ ಹತ್ತಿದವನು ಬನ್ನೇರುಘಟ್ಟ ರಸ್ತೆಯಲ್ಲೇ ಮುಗಿದುಹೋಗಿದ್ದ. ಅಂದಿನಿಂದ ಆರು ವರ್ಷದ ಮಗಳು ಮೈತ್ರಿಯ ಬಾಯಲ್ಲಿ ಆ ಮಾತು ಹೇಳಿಸಿ, ತಾನೂ 'ಹೋಗಿ ಬಾ ಚಿನ್ನ' ಎಂದ ಮೇಲೆಯೇ ಅವಳನ್ನು ಶಾಲೆಯ ವ್ಯಾನು ಹತ್ತಿಸುತ್ತಿದ್ದಳು. ಅವಳಿಗೆ ಉಳಿದಿದ್ದುದು ಆ ಮಗು ಒಂದೇ.

ಒಂದು ಸೋಮವಾರ ಬೆಳಿಗ್ಗೆ ನಡುಮನೆಯಲ್ಲಿ ಕಾಲಿಟ್ಟರೆ ನೆಲ ಪಚಕ್ಕೆಂದಿತು. ವಾಷಿಂಗ್ ಮಷೀನಿನ ಪೈಪು ಸೀಳಿ, ರಾತ್ರಿಯಿಡೀ ಸೋರಿದ ನೀರು ಹಲಗೆಗಳ ಅಡಿಗೆ ಇಳಿದಿತ್ತು. ಹಲಗೆಗಳ ಅಂಚು ಹಪ್ಪಳದಂತೆ ಮೇಲಕ್ಕೆದ್ದಿತ್ತು. ಒದ್ದೆ ಮರದ ವಾಸನೆಯ ಹಿಂದೆ ಇನ್ನೊಂದು ವಾಸನೆ, ಮುಗ್ಗಲು ರಾಗಿಯದು. ಶೈಲಶ್ರೀ ನಲ್ಲಿ ತಿರುಗಿಸಿ ನಿಲ್ಲಿಸಿ, ಕೈಗೆ ಸಿಕ್ಕ ಟವೆಲ್ಲು, ಬೆಡ್‌ಶೀಟುಗಳನ್ನೆಲ್ಲ ನೆಲಕ್ಕೆ ಹಾಸಿ ಹಿಂಡತೊಡಗಿದಳು.

"ಅಮ್ಮಾ, ಕೆಳಗೆ ಯಾರೋ ಗುಟುಕ್ ಗುಟುಕ್ ಅಂತ ಕುಡೀತಿದ್ದಾರೆ," ಎಂದಳು ಶೂ ಹಾಕಿಕೊಂಡು ನಿಂತಿದ್ದ ಮೈತ್ರಿ.

"ವ್ಯಾನ್ ಹಾರನ್ ಕೇಳಿಸ್ತಿಲ್ವಾ? ಹೋಗು ಮೊದ್ಲು!"

ಮಗು ಒಂದು ಗಳಿಗೆ ಕಾದು, ಹೋಯಿತು.

ಮಧ್ಯಾಹ್ನ ಮರಗೆಲಸದ ನಂದಕುಮಾರ್ ಬಂದ. ಉಬ್ಬಿದ ಹಲಗೆಗಳನ್ನು ಒಂದೊಂದಾಗಿ ಎಬ್ಬಿಸುತ್ತ, "ಅಡಿ ಒಣಗದೆ ಮೇಲೆ ಪಾಲಿಶ್ ಹೊಡೆದ್ರೆ ಮತ್ತೆ ಉಬ್ಬುತ್ತೆ ಮೇಡಂ. ಎರಡು ವಾರ ಬಿಚ್ಚಿಟ್ಟು ಫ್ಯಾನ್ ಹಾಕಿ," ಎಂದ. ಐದನೆಯ ಹಲಗೆಯಲ್ಲಿ ಅವನ ಕೈ ನಿಂತಿತು. ಸಿಮೆಂಟಿನಲ್ಲಿ ಹಸಿರುಗಟ್ಟಿದ ತಾಮ್ರದ ತಗಡು. ಅದರಲ್ಲಿ ಏಳು ತೂತು. ಏಳು ಮೊಳೆಗಳೂ ಪಕ್ಕದಲ್ಲಿ ಸಾಲಾಗಿ ಬಿದ್ದಿದ್ದವು.

"ಮೊಳೆ ನಾನು ಕಿತ್ತಿದ್ದಲ್ಲ ಮೇಡಂ." ಅವನು ಉಳಿ, ಸುತ್ತಿಗೆ ಅಲ್ಲೇ ಬಿಟ್ಟು ಬಾಗಿಲ ಮುಂದಿನ ಮೆಟ್ಟಿಲಿಳಿದು ಹೊರಟೇಹೋದ.

"ಮರ ಉಬ್ಬಿದ ರಭಸಕ್ಕೆ ಕಿತ್ತು ಬಂದಿರುತ್ತೆ," ಎಂದು ಶೈಲಶ್ರೀ ತನಗೆ ತಾನೇ ಹೇಳಿಕೊಂಡಳು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಹೊರಗೆ ಮೋಡ ಕವಿದು ನಡುಮನೆ ಕತ್ತಲಾಯಿತು.

ಗುಟುಕ್.

ಒಣ ಹಲಗೆಯ ಮೇಲೆ ಒದ್ದೆ ಹೆಜ್ಜೆ ಮೂಡಿತು. ಮೊದಲು ಹಿಮ್ಮಡಿ. ಆಮೇಲೆ ಬೆರಳು. ಇನ್ನೊಂದು ಹೆಜ್ಜೆ. ಒದ್ದೆ ಸೀರೆ ನೆಲಕ್ಕೆ ಎಳೆದ ಸದ್ದು. ಶೈಲಶ್ರೀಯ ಪಕ್ಕದಲ್ಲೇ ಹಾದುಹೋಯಿತು. ತಣ್ಣಗೆ. ರಾಗಿಯ ವಾಸನೆ ಮೂಗಿಗೆ ಅಡರಿತು. ಹೆಜ್ಜೆ ಹೊಸಿಲ ಬಳಿ ನಿಂತಿತು. ಬಾಗಿಲು ತಾನಾಗಿ ತೆರೆಯಿತು.

"ಬರ್ತೀನಮ್ಮ."

ನೀರು ಕುಡಿದು ತಣಿದ ದನಿ. ಬಂದ ನೆಂಟರು ಎದ್ದು ಹೊರಡುವಾಗ ಹೇಳುವಷ್ಟೇ ಮೆತ್ತಗೆ, ಅಷ್ಟೇ ಮರ್ಯಾದೆಯಿಂದ. ಶೈಲಶ್ರೀಗೆ ಕೆಂಪಕ್ಕನ ಮಾತು ನೆನಪಿತ್ತು. ಹೋಗು. ಒಂದೇ ಮಾತು. ಆದರೆ ಹುಟ್ಟಿದಂದಿನಿಂದ ಪಳಗಿದ ನಾಲಿಗೆ ಅವಳಿಗಿಂತ ಮೊದಲೇ ಹೊರಳಿತು.

"ಹೂಂ... ಹೋಗಿ ಬನ್ನಿ."

ಹೆಜ್ಜೆಗಳು ಮೆಟ್ಟಿಲಿಳಿದು ಬೀದಿಯಲ್ಲಿ ಆರಿಹೋದವು. ಕರೆಂಟು ಬಂತು. ಫ್ಯಾನು ತಿರುಗಿತು. ಪಾರಾದೆ ಎಂದು ಅವಳು ಅಲ್ಲೇ ಕುಸಿದು ಕೂತು ಅತ್ತಳು. ಮೂರೂವರೆಗೆ ವ್ಯಾನಿನ ಹಾರನ್ನು ಕೇಳಿದಾಗಲೇ ಬೆಳಗಿನ ಮಾತು ಎದೆಗೆ ಹೊಡೆದದ್ದು. ಮಗುವಿಗೆ ತಾನು ಏನು ಹೇಳಿ ಕಳಿಸಿದ್ದೆ?

ಗೇಟಿಗೆ ಓಡಿದಳು. ಮೈತ್ರಿ ಇಳಿದಳು. ಬರಿಗಾಲು. ಒಣ ರಸ್ತೆಯ ಮೇಲೆ ಅವಳ ಹಿಂದೆ ಒದ್ದೆ ಹೆಜ್ಜೆಗಳ ಸಾಲು. ಅಮ್ಮನ ಮುಖ ನೋಡದೆ ಒಳಗೆ ನಡೆದು, ಹಲಗೆ ಕಿತ್ತ ಜಾಗದಲ್ಲಿ ಹೋಗಿ ಕೂತಳು.

"ಮೈತ್ರಿ?"

"ಅವಳು ಹೋದ್ಲು," ಎಂದಿತು ಮಗುವಿನ ಬಾಯಿ. "ನೀವೇ 'ಹೋಗು' ಅಂದ್ರಲ್ಲ. ನಂಗೆ 'ಹೋಗಿ ಬನ್ನಿ' ಅಂದ್ರಿ. ಬಂದೆ. ನೀರು ಕೊಡೀಮ್ಮ."

ಈಗಲೂ 'ಹೋಗು' ಎಂದುಬಿಡಬಹುದಿತ್ತು. ಆದರೆ ಎದುರಿಗಿದ್ದುದು ಮೈತ್ರಿಯ ಮುಖ, ಮೈತ್ರಿಯ ಎರಡು ಜಡೆ, ಬೆಳಿಗ್ಗೆ ತಾನೇ ಕಟ್ಟಿದ ರಿಬ್ಬನ್ನು. ಶೈಲಶ್ರೀ ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ತುಂಬಿಸಿಕೊಂಡು ಬಂದಳು.